ಒಂದು ಮಾತ್ರೆ ದಿನಕ್ಕೊಮ್ಮೆ, ಇನ್ನೊಂದು ಮೂರು ಹೊತ್ತು: ಮೈಯೊಳಗೆ ಹೋದ ಔಷಧದ ಲೆಕ್ಕವೇನು?

ಪ್ರಶ್ನೆ: ನಾಲೆಬದಿಯ ಮೇಷ್ಟ್ರು, ಮಂಡ್ಯ

ನಮ್ಮ ತಾಯಿಯವರಿಗೆ 74 ವರ್ಷ, ತೂಕ 45 ಕಿಲೋ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ, ತಿಂಡಿಯಾದ ಮೇಲೆ ಬಿ.ಪಿ.ಗೆ 5 ಮಿಲಿಗ್ರಾಂ ಅಮ್ಲೋಡಿಪಿನ್, ಸಕ್ಕರೆ ಕಾಯಿಲೆಗೆ ಎರಡು ಹೊತ್ತು 500 ಮಿಲಿಗ್ರಾಂ ಮೆಟ್‌ಫಾರ್ಮಿನ್ ಮತ್ತು ಗ್ಲೈಬೆನ್‌ಕ್ಲಮೈಡ್, ಇದು ವರ್ಷಗಳಿಂದ ನಡೆದುಬಂದ ಕ್ರಮ. ಕಳೆದ ತಿಂಗಳು ಎರಡು ದಿನ ಭೇದಿಯಾಗಿ ಅವರು ಗಂಜಿಯ ತಿಳಿಯನ್ನು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಆದರೂ ಮಾತ್ರೆ ತಪ್ಪಬಾರದೆಂದು ರಾತ್ರಿಯದನ್ನು ನಾನೇ ಕೈಯಾರೆ ಕೊಟ್ಟೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ನೋಡಿದರೆ ಸೆರಗೆಲ್ಲ ಬೆವರಿನಲ್ಲಿ ತೊಯ್ದಿತ್ತು, ನನ್ನ ಗುರುತು ಹತ್ತದೆ ತೀರಿಕೊಂಡ ತಮ್ಮ ಅಣ್ಣನ ಹೆಸರು ಹಿಡಿದು ಕರೆಯುತ್ತಿದ್ದರು. ಆಸ್ಪತ್ರೆಗೆ ಒಯ್ದಾಗ ರಕ್ತದ ಸಕ್ಕರೆ 48 ಇತ್ತು. ಗ್ಲೂಕೋಸ್ ಏರಿಸಿದ ಮೇಲೆ ಚೇತರಿಸಿಕೊಂಡರಾದರೂ ಮಧ್ಯಾಹ್ನ ಅದು ಮತ್ತೆ ಇಳಿದ ಕಾರಣ ಎರಡು ದಿನ ಅಲ್ಲಿಯೇ ಇರಿಸಿಕೊಂಡರು.

ವೈದ್ಯರು ಗ್ಲೈಬೆನ್‌ಕ್ಲಮೈಡ್ ನಿಲ್ಲಿಸಿ, "ಈ ಮಾತ್ರೆ ಇವರ ಮೈಯಿಂದ ಬೇಗ ಹೊರಗೆ ಹೋಗುತ್ತಿಲ್ಲ, ಕಿಡ್ನಿ ಸ್ವಲ್ಪ ಸೋತಿದೆ" ಎಂದರು. ಆದರೆ ಲ್ಯಾಬ್ ವರದಿಯಲ್ಲಿ ಕ್ರಿಯಾಟಿನಿನ್ 1.0 ಎಂದಿದ್ದು, ಅದು ಸಾಮಾನ್ಯ ಮಿತಿಯೊಳಗೇ ಇದೆ. ಹಾಗಾದರೆ ಸೋತಿರುವುದು ಯಾವ ಲೆಕ್ಕದಲ್ಲಿ? 5 ಮಿಲಿಗ್ರಾಂ ಮಾತ್ರೆ ದಿನವಿಡೀ ಕೆಲಸ ಮಾಡುವಾಗ 500 ಮಿಲಿಗ್ರಾಂ ಮಾತ್ರೆಯನ್ನು ಎರಡು ಹೊತ್ತು ಕೊಡುವುದೇಕೆ? ನಾನು ಗಣಿತ ಹೇಳಿಕೊಟ್ಟು ನಿವೃತ್ತನಾದವನು, ಕೆ.ಆರ್.ಎಸ್.ನ ಒಳಹರಿವು, ಹೊರಹರಿವನ್ನು ದಿನವೂ ಪತ್ರಿಕೆಯಲ್ಲಿ ನೋಡುವ ಅಭ್ಯಾಸವಿದೆ. ಮೈಯೊಳಗಿನ ಔಷಧವನ್ನೂ ಅದೇ ರೀತಿ ತಿಳಿಯಬಹುದೇ?

ಉತ್ತರ 1: ಔಷಧಶಾಸ್ತ್ರದ ಅಧ್ಯಾಪಕಿ, ಮೈಸೂರು

ಮೇಷ್ಟ್ರೇ, ಒಳಹರಿವು ಮತ್ತು ಹೊರಹರಿವಿನ ಹೋಲಿಕೆ ಸರಿಯಾದದ್ದೇ, ಆದರೆ ಕೆ.ಆರ್.ಎಸ್. ಅದಕ್ಕೆ ತಕ್ಕ ಉದಾಹರಣೆಯಲ್ಲ. ಅಣೆಕಟ್ಟೆಯಲ್ಲಿ ಎಷ್ಟು ನೀರು ಬಿಡಬೇಕೆಂಬುದನ್ನು ಗೇಟು ತೆಗೆಯುವವರು ನಿರ್ಧರಿಸುತ್ತಾರೆ. ಬಹುತೇಕ ಔಷಧಗಳಾದರೋ ತಳದಲ್ಲಿ ತೂತಿರುವ ಗಡಿಗೆಯ ನೀರಿನಂತೆ ಹೊರಹೋಗುತ್ತವೆ: ತುಂಬಿದ್ದಾಗ ರಭಸವಾಗಿ, ತಗ್ಗಿದಂತೆ ಮಂದವಾಗಿ. ಆದ್ದರಿಂದಲೇ ನಾವು "ಗಂಟೆಗೆ ಇಷ್ಟು ಮಿಲಿಗ್ರಾಂ" ಎನ್ನದೆ, ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲವನ್ನು ಅಳೆಯುತ್ತೇವೆ, ಅದೇ ಅರ್ಧಾಯು. ನೂರು ಪಾಲು ಇದ್ದದ್ದು ಒಂದು ಅರ್ಧಾಯುವಿಗೆ 50, ಎರಡಕ್ಕೆ 25, ಐದಕ್ಕೆ ಸುಮಾರು 3 ಪಾಲಾಗುತ್ತದೆ. ದಿನವೂ ತೆಗೆದುಕೊಳ್ಳುವ ಔಷಧದ ಮಟ್ಟ ಏರಿ ಒಂದು ಹದಕ್ಕೆ ನಿಲ್ಲಲೂ ನಾಲ್ಕೈದು ಅರ್ಧಾಯುಗಳೇ ಬೇಕು.

ಜ್ವರದ ಪ್ಯಾರಾಸಿಟಮಾಲ್‌ನ ಅರ್ಧಾಯು ಎರಡು ಮೂರು ಗಂಟೆ, ಆದ್ದರಿಂದ ಅದು ದಿನಕ್ಕೆ ಮೂರು ನಾಲ್ಕು ಸಲ. ಅಮ್ಲೋಡಿಪಿನ್‌ನದು 30ರಿಂದ 50 ಗಂಟೆ, ಆದ್ದರಿಂದ ಅದು ದಿನಕ್ಕೊಮ್ಮೆ. ನಿಮ್ಮ ಅಣೆಕಟ್ಟೆಯ ಗೇಟಿನಂತೆ ವರ್ತಿಸುವವೂ ಕೆಲವಿವೆ. ಮದ್ಯ ಎಷ್ಟೇ ಕುಡಿದರೂ ಯಕೃತ್ತು ಗಂಟೆಗೆ ಹೆಚ್ಚುಕಡಿಮೆ ಒಂದೇ ಪ್ರಮಾಣವನ್ನು ಕರಗಿಸುತ್ತದೆ. ಮೂರ್ಛೆರೋಗದ ಫೆನಿಟೋಯಿನ್‌ ಕೂಡ ಒಂದು ಮಟ್ಟ ದಾಟಿದ ಮೇಲೆ ಹೀಗೆಯೇ ಆಗುವುದರಿಂದ, ಪ್ರಮಾಣವನ್ನು ಸ್ವಲ್ಪ ಏರಿಸಿದರೂ ರಕ್ತದ ಮಟ್ಟ ಸಿಕ್ಕಾಪಟ್ಟೆ ಏರಿಬಿಡುತ್ತದೆ.

ಮಿಲಿಗ್ರಾಂ ಎಂಬುದು ಮಾತ್ರೆಯ ತೂಕವೇ ಹೊರತು ಬಲವಲ್ಲ. ಔಷಧದ ಅಣು ಜೀವಕೋಶದ ಮೇಲಿನ ಗ್ರಾಹಕವನ್ನೋ ಕಿಣ್ವವನ್ನೋ ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದರ ಮೇಲೆ ಬೇಕಾಗುವ ಪ್ರಮಾಣ ಬಹುಮಟ್ಟಿಗೆ ನಿಂತಿದೆ. ನಿಮ್ಮ ತಾಯಿಯವರ ಥೈರಾಯ್ಡ್ ಮಾತ್ರೆ 50 ಮೈಕ್ರೋಗ್ರಾಂನದಾಗಿದ್ದರೆ ಅದು 500 ಮಿಲಿಗ್ರಾಂ ಮೆಟ್‌ಫಾರ್ಮಿನ್‌ನ ಹತ್ತು ಸಾವಿರದಲ್ಲಿ ಒಂದು ಪಾಲು. ಹಾಗೆಂದು ಅದನ್ನು ದುರ್ಬಲ ಎನ್ನುವಂತಿಲ್ಲ.

ಈಗ ಮುಖ್ಯ ವಿಷಯ. ನುಂಗಿದ ಮಾತ್ರೆ ಸಣ್ಣ ಕರುಳಿನಲ್ಲಿ ಹೀರಿಕೆಯಾಗಿ, ಮೈಗೆಲ್ಲ ಹರಡುವ ಮೊದಲು ಯಕೃತ್ತನ್ನು ಹಾದುಹೋಗಬೇಕು, ಮತ್ತು ಕೆಲವು ಔಷಧಗಳ ಹೆಚ್ಚಿನ ಪಾಲು ಅಲ್ಲಿಯೇ ಸುಂಕದಂತೆ ಕಳೆದುಹೋಗುತ್ತದೆ. ಎದೆನೋವಿನವರಿಗೆ ನಾಲಿಗೆಯ ಕೆಳಗೆ ಮಾತ್ರೆ ಇಡಿಸುವುದು ಈ ಸುಂಕದ ಕಟ್ಟೆಯನ್ನು ತಪ್ಪಿಸಲಿಕ್ಕೇ. ಕೊಬ್ಬಿನಲ್ಲಿ ಕರಗುವ ಔಷಧಗಳನ್ನು ಯಕೃತ್ತು ನೀರಿನಲ್ಲಿ ಕರಗುವಂತೆ ಮಾರ್ಪಡಿಸುತ್ತದೆ, ಬಳಿಕ ಮೂತ್ರಪಿಂಡಗಳು ಅವನ್ನು ಹೊರಹಾಕುತ್ತವೆ. ಗ್ಲೈಬೆನ್‌ಕ್ಲಮೈಡನ್ನೂ ಯಕೃತ್ತು ಮಾರ್ಪಡಿಸುತ್ತದೆ, ಆದರೆ ಮಾರ್ಪಾಡಾದ ವಸ್ತುಗಳಲ್ಲಿಯೂ ಸಕ್ಕರೆ ಇಳಿಸುವ ಗುಣ ಉಳಿದಿರುತ್ತದೆ. ಅವು ಮೂತ್ರದಲ್ಲಿ ಹೊರಹೋಗದೆ ಉಳಿದರೆ, ಊಟವಿರಲಿ ಇಲ್ಲದಿರಲಿ, ಇನ್ಸುಲಿನ್ ಸುರಿಯುತ್ತಲೇ ಇರುತ್ತದೆ. ಮಧ್ಯಾಹ್ನ ಸಕ್ಕರೆ ಮತ್ತೆ ಇಳಿದದ್ದು ಈ ಕಾರಣಕ್ಕೆ. ಭೇದಿಯಿಂದ ಮೈಯ ನೀರು ಬತ್ತಿದಾಗ ಮೂತ್ರಪಿಂಡದ ಕೆಲಸ ಇನ್ನಷ್ಟು ಕುಗ್ಗಿರಲೂ ಸಾಕು.

ಕ್ರಿಯಾಟಿನಿನ್ ಎಂಬುದು ಮೂತ್ರಪಿಂಡಗಳು ರಕ್ತದಿಂದ ಸೋಸಿ ಹೊರಹಾಕುವ ಕಸ, ಅದು ಹುಟ್ಟುವುದು ಮಾಂಸಖಂಡದಲ್ಲಿ. ವಯಸ್ಸಾಗಿ ಮಾಂಸಖಂಡ ಕರಗಿದವರಲ್ಲಿ ಅದು ಹುಟ್ಟುವುದೇ ಕಡಿಮೆ, ಆದ್ದರಿಂದ ಶೋಧನೆ ಕುಂದಿದ್ದರೂ ವರದಿಯ ಅಂಕಿ ಚೆನ್ನಾಗಿಯೇ ಕಾಣುತ್ತದೆ. 1976ರಿಂದ ಬಳಕೆಯಲ್ಲಿರುವ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರವನ್ನು ನೀವೇ ಬಿಡಿಸಿ ನೋಡಬಹುದು: 140ರಲ್ಲಿ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಿ, ಹೆಂಗಸರಾದರೆ 0.85ರಿಂದ ಗುಣಿಸಬೇಕು. 66ನ್ನು 45ರಿಂದ ಗುಣಿಸಿದರೆ 2970. ಅದನ್ನು 72ರಿಂದ ಭಾಗಿಸಿದರೆ 41. ಕೊನೆಗೆ ಬರುವುದು ನಿಮಿಷಕ್ಕೆ ಸುಮಾರು 35 ಮಿಲಿಲೀಟರ್, ಅಂದರೆ ಮೂತ್ರಪಿಂಡಗಳ ಶೋಧನೆಯ ವೇಗ. ಅದೇ 1.0 ಅಂಕಿಯ, 70 ಕಿಲೋ ತೂಕದ, 25 ವರ್ಷದ ಯುವಕನಿಗೆ 112 ಬರುತ್ತದೆ. ಒಂದೇ ಅಂಕಿ, ಮೂರು ಪಟ್ಟು ಅಂತರ! ಸೂತ್ರ ಕೊಡುವುದು ಅಂದಾಜನ್ನಷ್ಟೇ, ಆದರೂ ವೈದ್ಯರು ಹೇಳಿದ್ದು ಸರಿ. ಮೆಟ್‌ಫಾರ್ಮಿನ್ ಯಕೃತ್ತಿನಲ್ಲಿ ಮಾರ್ಪಡುವುದೇ ಇಲ್ಲ, ಇದ್ದಂತೆಯೇ ಮೂತ್ರದಲ್ಲಿ ಹೋಗುತ್ತದೆ. ಹಾಗಾಗಿ ಅದರ ಪ್ರಮಾಣದ ಬಗ್ಗೆಯೂ, ವಾಂತಿ ಭೇದಿಯ ದಿನಗಳಲ್ಲಿ ಯಾವ ಮಾತ್ರೆಯನ್ನು ತಡೆಹಿಡಿಯಬೇಕೆಂಬುದರ ಬಗ್ಗೆಯೂ ಅವರನ್ನೇ ಕೇಳಿ, ಬರೆಸಿಕೊಂಡು ಬನ್ನಿ.

ಉತ್ತರ 2: ಮೆಡಿಕಲ್ ಸ್ಟೋರ್‌ನವನು, ಮಂಡ್ಯ

ಮೇಡಂ ಅವರು ಶಾಸ್ತ್ರ ಹೇಳಿದ್ದಾರೆ, ನಾನು ಅಂಗಡಿಯಲ್ಲಿ ಕಂಡದ್ದನ್ನು ಸೇರಿಸುತ್ತೇನೆ. ತಿಂಗಳಿಗೊಬ್ಬರಾದರೂ ಬಂದು, "ನೀವು ಕೊಟ್ಟ ಶುಗರ್ ಮಾತ್ರೆ ಕರಗದೆ ಹಾಗೆಯೇ ಮಲದಲ್ಲಿ ಬಂದಿದೆ, ಇದು ನಕಲಿ" ಎಂದು ಜಗಳಕ್ಕೆ ನಿಲ್ಲುತ್ತಾರೆ. ನಿಧಾನವಾಗಿ ಔಷಧ ಬಿಡುವಂತೆ ಮಾಡಿದ ಮೆಟ್‌ಫಾರ್ಮಿನ್ ಮಾತ್ರೆಯ ಹೊರಗವಸು ಕೆಲವರಲ್ಲಿ ಮೆತ್ತಗಿನ ಉಂಡೆಯಾಗಿ ಹೊರಬರುವುದುಂಟು. ಅಷ್ಟರಲ್ಲಿ ಒಳಗಿನ ಔಷಧ ಕರುಳಿಗೆ ಸೇರಿರುತ್ತದೆ, ಉಳಿದದ್ದು ಖಾಲಿ ಸಿಪ್ಪೆ. ಇಂಥ ಮಾತ್ರೆಯನ್ನು ನುಂಗಲು ಕಷ್ಟವೆಂದು ಕುಟ್ಟಿ ಪುಡಿ ಮಾಡಿ ಕೊಟ್ಟರೆ, ದಿನವಿಡೀ ಸೋರಬೇಕಾದದ್ದು ಒಂದೇ ಸಲಕ್ಕೆ ಹೊಟ್ಟೆಗೆ ಇಳಿಯುತ್ತದೆ. ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಕಾಫಿಯೊಂದಿಗೆ ನುಂಗುವವರೂ ಬಹಳ. ಅದು ಬರಿ ನೀರಿನಲ್ಲಿ ಹೋಗಿ, ಕಾಫಿ ತಿಂಡಿ ಅರ್ಧ ಗಂಟೆಯಿಂದ ಒಂದು ಗಂಟೆ ತಡವಾಗಬೇಕು. ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಯಿದ್ದರೆ ನಾಲ್ಕು ಗಂಟೆಯ ಅಂತರ ಬೇಕು, ಇಲ್ಲವಾದರೆ ಅವು ಕರುಳಿನಲ್ಲಿಯೇ ಥೈರಾಯ್ಡ್ ಔಷಧವನ್ನು ಹಿಡಿದಿಟ್ಟುಬಿಡುತ್ತವೆ.

ಉತ್ತರ 3: ಕುವೆಂಪುನಗರದ ಓದುಗ, ಮೈಸೂರು

ಅರ್ಧಾಯುವಿನ ಲೆಕ್ಕ ಒಪ್ಪುತ್ತೇನೆ, ಆದರೆ ಒಂದು ಕಡೆ ಅದು ತಾಳೆಯಾಗುತ್ತಿಲ್ಲ. ನಾನು ಹೃದಯದ ಸಲುವಾಗಿ ದಿನಕ್ಕೊಂದು 75 ಮಿಲಿಗ್ರಾಂ ಆಸ್ಪಿರಿನ್ ತೆಗೆದುಕೊಳ್ಳುತ್ತೇನೆ. ಅದರ ಅರ್ಧಾಯು ಇಪ್ಪತ್ತು ನಿಮಿಷವೆಂದು ಓದಿದೆ. ಹಾಗಿದ್ದರೆ ಎರಡು ಗಂಟೆಯೊಳಗೆ ಎಲ್ಲವೂ ಮುಗಿದುಹೋಗಬೇಕಲ್ಲವೇ?

ಉತ್ತರ 4: ಔಷಧಶಾಸ್ತ್ರದ ಅಧ್ಯಾಪಕಿ, ಮೈಸೂರು

ಔಷಧ ಮುಗಿಯುತ್ತದೆ, ಅದು ಮಾಡಿಹೋದ ಕೆಲಸ ಮುಗಿಯುವುದಿಲ್ಲ. ಆಸ್ಪಿರಿನ್ ರಕ್ತ ಹೆಪ್ಪುಗಟ್ಟಿಸುವ ಕಣವಾದ ಪ್ಲೇಟ್‌ಲೆಟ್‌ನೊಳಗಿನ ಕಿಣ್ವವೊಂದಕ್ಕೆ ಅಂಟಿ ಅದನ್ನು ಶಾಶ್ವತವಾಗಿ ಕೆಡಿಸುತ್ತದೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲದ ಕಾರಣ ಅದು ಹೊಸ ಕಿಣ್ವವನ್ನು ಕಟ್ಟಿಕೊಳ್ಳಲಾರದು; ಬದುಕಿರುವ ಏಳರಿಂದ ಹತ್ತು ದಿನವೂ ಹಾಗೆಯೇ ಇರುತ್ತದೆ. ದಿನವೂ ಹೊಸ ಪ್ಲೇಟ್‌ಲೆಟ್‌ಗಳು ಹುಟ್ಟುತ್ತಿರುವುದರಿಂದ ದಿನಕ್ಕೊಂದು ಮಾತ್ರೆ ಬೇಕಾಗುತ್ತದೆ. ಒಂದು ದಿನ ಬಿಟ್ಟ ಮಾತ್ರಕ್ಕೆ ರಕ್ತ ಹೆಪ್ಪುಗಟ್ಟುವ ಗುಣ ಪೂರ್ತಿ ಮರಳದಿರುವುದೂ ಇದೇ ಕಾರಣಕ್ಕೆ. ಆಸಿಡಿಟಿಯ ಪಾಂಟಾಪ್ರಜೋಲ್ ಕೂಡ ಇದೇ ಜಾತಿಯದು: ಅರ್ಧಾಯು ಸುಮಾರು ಒಂದು ಗಂಟೆ, ಪರಿಣಾಮ ಇಡೀ ದಿನ.

ಪ್ರಶ್ನೆ ಕೇಳಿದವರು: ನಾಲೆಬದಿಯ ಮೇಷ್ಟ್ರು, ಮಂಡ್ಯ

ಸೂತ್ರವನ್ನು ನಾನೂ ಬಿಡಿಸಿ ನೋಡಿದೆ, 35ಕ್ಕೇ ಬಂತು. ಅಮ್ಮ ಥೈರಾಯ್ಡ್ ಮಾತ್ರೆಯನ್ನು ಕಾಫಿಯೊಂದಿಗೇ ನುಂಗುತ್ತಿದ್ದರು. ಹತ್ತು ದಿನದಿಂದ ಅದನ್ನು ತಪ್ಪಿಸಿದ್ದೇನೆ. ನಾಳೆಯೇ ರಕ್ತ ಪರೀಕ್ಷೆ ಮಾಡಿಸಿದರೆ ವ್ಯತ್ಯಾಸ ತಿಳಿಯುತ್ತದೆಯೇ?

ಉತ್ತರ 5: ಔಷಧಶಾಸ್ತ್ರದ ಅಧ್ಯಾಪಕಿ, ಮೈಸೂರು

ಈಗಲೇ ಬೇಡ. ಆ ಔಷಧದ ಅರ್ಧಾಯು ಸುಮಾರು ಏಳು ದಿನ. ಹೊಸ ಹದಕ್ಕೆ ಬರಲು ಐದು ವಾರ ಹಿಡಿಯುತ್ತದೆ. ಕಾಫಿ ತಪ್ಪಿಸಿದ್ದನ್ನು ವೈದ್ಯರಿಗೆ ತಿಳಿಸಿ, ಆರರಿಂದ ಎಂಟು ವಾರ ಕಳೆದ ಮೇಲೆ ಥೈರಾಯ್ಡ್‌ನ ರಕ್ತ ಪರೀಕ್ಷೆಯಾದ ಟಿ.ಎಸ್.ಎಚ್. ಮಾಡಿಸಿ. ಅಷ್ಟರೊಳಗೆ ಎದೆ ಡವಡವ ಎನ್ನುವುದೋ, ಕೈ ನಡುಗುವುದೋ ಕಂಡರೆ ಮಾತ್ರ ಕಾಯದೆ ಕರೆದೊಯ್ಯಿರಿ, ಏಕೆಂದರೆ ಇಷ್ಟು ದಿನ ಕಾಫಿಯ ಪಾಲಾಗುತ್ತಿದ್ದ ಔಷಧವೂ ಈಗ ಅವರಿಗೆ ದಕ್ಕುತ್ತಿದೆ.