ಒಂದು ಸೆಂಟಿಮೀಟರ್ ಗಡ್ಡೆಗೆ ಮೆದುಳಲ್ಲಿ ಇಷ್ಟು ಊತ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಅಪ್ಪನ ಶ್ವಾಸಕೋಶದ ಕ್ಯಾನ್ಸರ್ ಈಗ ಮೆದುಳಿಗೂ ಹರಡಿದೆ. ಎಂಆರ್‌ಐನಲ್ಲಿ ಗಡ್ಡೆ ಒಂದೇ ಸೆಂಟಿಮೀಟರ್ ಇದೆ. ಸುತ್ತಲಿನ ಊತ ಮಾತ್ರ ಅದಕ್ಕಿಂತ ಎಷ್ಟೋ ದೊಡ್ಡದು. ಬಲಗೈಯಲ್ಲಿ ಲೋಟ ಹಿಡಿಯೋಕೂ ಆಗುತ್ತಿಲ್ಲ. ಸೋಂಕೇನಾದರೂ ಆಗಿದೆಯಾ?

ಉತ್ತರ: ಇಂಥ ಊತಕ್ಕೆ ಸೋಂಕೇ ಆಗಬೇಕಿಲ್ಲಮ್ಮ, ಗಡ್ಡೆ ಒಂದೇ ಸಾಕು. ಅಲ್ಲಿ ತುಂಬಿರುವುದು ರಕ್ತನಾಳದಿಂದ ಸೋರಿದ ನೀರು, ಜೊತೆಗೆ ಪ್ರೋಟೀನ್.

ಮೆದುಳಿನ ಸಣ್ಣ ರಕ್ತನಾಳಗಳ ಒಳಗೋಡೆಯಲ್ಲಿ ಜೀವಕೋಶಗಳು ಒತ್ತೊತ್ತಾಗಿ ಹೊಲಿದ ಹಾಗೆ ಕೂಡಿಕೊಂಡಿರುತ್ತವೆ. ಕ್ಲಾಡಿನ್, ಆಕ್ಲುಡಿನ್ ಅನ್ನುವ ಪ್ರೋಟೀನ್‌ಗಳೇ ಆ ಹೊಲಿಗೆಯ ದಾರ. ರಕ್ತದಲ್ಲಿರುವುದೆಲ್ಲ ಮೆದುಳಿಗೆ ನುಗ್ಗದ ಹಾಗೆ ತಡೆಯುವುದು ಇದೇ. ಬೆಳೆಯುವ ಗಡ್ಡೆಗೆ ಆಮ್ಲಜನಕ ಸಾಲುವುದಿಲ್ಲ. ಆಗ ಅದು ಹೊಸ ನಾಳಗಳನ್ನು ಕರೆಸಿಕೊಳ್ಳಲು ವಿಇಜಿಎಫ್ ಅನ್ನುವ ಪ್ರೋಟೀನ್ ಬಿಡುತ್ತದೆ. 1983ರಲ್ಲಿ ಇದನ್ನು ಮೊದಲು ಗುರುತಿಸಿದವರು ಇಟ್ಟ ಹೆಸರಿನ ಅರ್ಥವೇ 'ನಾಳ ಸೋರುವಂತೆ ಮಾಡುವ ಅಂಶ'. ಅದು ಹಳೇ ನಾಳಗಳ ಹೊಲಿಗೆ ಸಡಿಲಿಸುತ್ತದೆ. ಹೊಸದಾಗಿ ಹುಟ್ಟುವ ನಾಳಗಳಿಗಂತೂ ಹೊಲಿಗೆಯೇ ಸರಿಯಾಗಿರುವುದಿಲ್ಲ.

ಹಾಗಾಗಿ ಗಡ್ಡೆಯ ಅಳತೆ ನೋಡಿ ಊತ ಇಷ್ಟೇ ಅನ್ನೋಕೆ ಆಗುವುದಿಲ್ಲ. ಅದು ಎಷ್ಟು ಸೋರಿಸುತ್ತದೆ ಅನ್ನುವುದೇ ಮುಖ್ಯ. ಸೋರಿದ ನೀರು ಮೆದುಳಿನ ಬಿಳಿ ಭಾಗಕ್ಕೆ ಇಳಿಯುತ್ತದೆ. ಅಲ್ಲಿ ನರದ ಎಳೆಗಳು ಉದ್ದಕ್ಕೆ ಸಾಲಾಗಿರುತ್ತವೆ, ನಡುವಿನ ಸಂದಿಯಲ್ಲಿ ನೀರು ದೂರದವರೆಗೂ ಹರಿದುಹೋಗುತ್ತದೆ. ನಿಮ್ಮ ಎಂಆರ್‌ಐನಲ್ಲಿ ಊತವನ್ನು ಎದ್ದು ಕಾಣಿಸುವ ಫ್ಲೇರ್ ಅನ್ನುವ ಬಗೆಯ ಚಿತ್ರ ಇನ್ನೊಮ್ಮೆ ನೋಡಿ. ಊತ ದುಂಡಗಿರುವುದಿಲ್ಲ, ಬೆರಳು ಚಾಚಿದ ಹಾಗೆ ಬೆಳ್ಳಗೆ ಕಾಣುತ್ತದೆ, ಅಲ್ವಾ? ಕೈ ಆಡಿಸುವ ಎಳೆಗಳು ಆ ನೀರಲ್ಲಿ ಸಿಕ್ಕಿಕೊಂಡರೆ ಲೋಟ ಜಾರುತ್ತದೆ.

ಇನ್ನೊಬ್ಬರು: ನಮ್ಮತ್ತೆಯ ಗಡ್ಡೆ ಮೆನಿಂಜಿಯೋಮಾ, ಅಂದರೆ ಮೆದುಳಿನ ಹೊದಿಕೆಯಲ್ಲಿ ಹುಟ್ಟಿದ್ದು, ಕ್ಯಾನ್ಸರ್ ಅಲ್ಲ ಅಂದಿದ್ದಾರೆ. ಅದಕ್ಕೂ ಊತ ಬರುತ್ತಾ?

ಉತ್ತರ: ಬರಬಹುದು. ವಿಇಜಿಎಫ್ ಬಿಡೋಕೆ ಕ್ಯಾನ್ಸರೇ ಆಗಬೇಕು ಅಂತೇನಿಲ್ಲ.

ಮೊದಲು ಕೇಳಿದವರು: ಎರಡು ದಿನದಿಂದ ಡೆಕ್ಸಾಮೆಥಾಸೋನ್ ಕೊಡುತ್ತಿದ್ದಾರೆ. ಇವತ್ತು ಅಪ್ಪ ತಾವೇ ಲೋಟ ಎತ್ತಿ ನೀರು ಕುಡಿದರು! ಗಡ್ಡೆ ಕರಗಿತಾ ಡಾಕ್ಟ್ರೇ?

ಉತ್ತರ: ಓದಿ ತುಂಬಾ ಖುಷಿಯಾಯಿತು. ಆದರೆ ಗಡ್ಡೆ ಹಾಗೇ ಇದೆಯಮ್ಮ. ಸಡಿಲವಾದ ಹೊಲಿಗೆಯನ್ನು ಈ ಸ್ಟಿರಾಯ್ಡ್ ಔಷಧಿ ಬಿಗಿ ಮಾಡುತ್ತದೆ, ಸೋರುವುದು ಕಡಿಮೆಯಾಗುತ್ತದೆ. ಗಡ್ಡೆಗೆ ಬೇರೆ ಚಿಕಿತ್ಸೆ ಬೇಕೇ ಬೇಕು. ಕೈ ಸರಿಹೋಯಿತು ಅಂತ ಮಾತ್ರೆಯನ್ನು ಸುಮ್ನೆ ನಿಲ್ಲಿಸಬೇಡಿ. ದಿನಗಟ್ಟಲೆ ತೆಗೆದುಕೊಂಡರೆ ದೇಹ ತನ್ನದೇ ಸ್ಟಿರಾಯ್ಡ್ ಮಾಡುವುದನ್ನು ಕಡಿಮೆ ಮಾಡಿಬಿಡುತ್ತದೆ, ಊತವೂ ಮರಳಬಹುದು. ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು. ಶುಗರ್ ಜಾಸ್ತಿ ಆಗಬಹುದು, ಪರೀಕ್ಷೆ ಮಾಡಿಸುತ್ತಿರಿ. ತಲೆಬುರುಡೆ ಹಿಗ್ಗುವುದಿಲ್ಲ, ಊತ ಹೆಚ್ಚಿದರೆ ಮೆದುಳೇ ಅದುಮಿಕೊಳ್ಳಬೇಕು. ಅಪ್ಪನಿಗೆ ಮಂಪರು ಜಾಸ್ತಿಯಾದರೆ, ವಾಂತಿ ಶುರುವಾದರೆ, ರಾತ್ರಿಯಾದರೂ ಸರಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.