ಮೂರನೇ ಸುತ್ತಿನಲ್ಲಿ ಹಿರಿಯರ ನೆನಪಿನ ಸ್ಕೋರ್ ಏರಿದ್ದು ಯಾಕೆ? ಅನುಭವ ಇರುವವರು ತಿಳಿಸಿ

ಕೇಳಿದವರು: ಎಂ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್ ವಿದ್ಯಾರ್ಥಿನಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನನ್ನ ಪ್ರಾಜೆಕ್ಟ್‌ಗೆ ಒಂದು ಹಳೆಯ ಡೇಟಾ ಕೊಟ್ಟಿದ್ದಾರೆ. ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ 60 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ, ಒಟ್ಟು ಮೂರು ಸಲ ನೆನಪಿನ ಪರೀಕ್ಷೆ ಮಾಡಿದ್ದಾರೆ. ವಯಸ್ಸಾದ ಹಾಗೆ ಸ್ಕೋರ್ ಇಳಿಯಬೇಕು ಅಲ್ವಾ? ಆದರೆ ಮೂರನೇ ಸುತ್ತಿನ ಸರಾಸರಿ ಮೊದಲನೆಯದಕ್ಕಿಂತ ಜಾಸ್ತಿ ಇದೆ. ಇನ್ನೊಂದು ವಿಷಯ, ಶಾಲೆಗೆ ಹೋಗದ ಹೆಂಗಸರಲ್ಲಿ ತುಂಬಾ ಜನ 'ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರಬಹುದು' ಅನ್ನುವ ಗುಂಪಿಗೆ ಬೀಳುತ್ತಿದ್ದಾರೆ. ನಮ್ಮಜ್ಜಿಗೂ ಈ ಕಾಯಿಲೆ ಇದೆ. ಸುಮ್ನೆ ಮಾರ್ಕ್ಸ್‌ಗೋಸ್ಕರ ಮುಗಿಸಲು ಮನಸ್ಸಿಲ್ಲ. ಎಲ್ಲಿಂದ ಶುರು ಮಾಡಲಿ?

ಮನೆ ಮನೆಗೆ ಹೋಗಿ ಪರೀಕ್ಷೆ ಮಾಡಿದ ಒಬ್ಬರು:

ನನಗೆ ನಿಮ್ಮಷ್ಟು ಲೆಕ್ಕ ಬರುವುದಿಲ್ಲ. ಆದರೆ ಆ ಸ್ಕೋರ್ ಎಲ್ಲಿ ಹುಟ್ಟುತ್ತದೆ ಅಂತ ಗೊತ್ತು. ಶ್ರೀರಾಮಪುರದಲ್ಲಿ ಒಬ್ಬ ಅಜ್ಜಿಗೆ 'ಇವತ್ತು ತಾರೀಖು ಎಷ್ಟು' ಅಂತ ಕೇಳಿದೆ. 'ಏಕಾದಶಿ ಕಣಮ್ಮ, ಬೆಳಗಿನಿಂದ ಊಟ ಮಾಡಿಲ್ಲ' ಅಂದರು. ಅವತ್ತು ಏಕಾದಶಿಯೇ. ಫಾರಂ ಪ್ರಕಾರ ಅದಕ್ಕೆ ಸೊನ್ನೆ ಹಾಕಬೇಕಿತ್ತು. ಕೆ.ಆರ್. ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ಹೂ ಮಾರಿದ ಇನ್ನೊಬ್ಬರಿಗೆ 100ರಿಂದ ಏಳೇಳು ಕಳೆಯಿರಿ ಅಂದರೆ ಗಾಬರಿಯಾಗುತ್ತಿತ್ತು. ಐನೂರರ ನೋಟಿಗೆ ಚಿಲ್ಲರೆ ಎಷ್ಟು ಕೊಡಬೇಕು ಅಂದರೆ ಥಟ್ಟನೆ ಹೇಳುತ್ತಿದ್ದರು.

ನೆನಪು, ಗಮನ, ಭಾಷೆ ಅಳೆಯುವ 30 ಅಂಕದ ಎಂಎಂಎಸ್ಇ ಪರೀಕ್ಷೆಯನ್ನು 1975ರಲ್ಲಿ ಅಮೆರಿಕದಲ್ಲಿ ಮಾಡಿದ್ದು. ಅದರಲ್ಲಿ ಒಂದು ವಾಕ್ಯ ಓದಿ ಅದರಂತೆ ಮಾಡಬೇಕು, ಇನ್ನೊಂದು ವಾಕ್ಯ ಬರೆಯಬೇಕು. ಓದು ಬರಹ ಬಾರದವರು ಏನು ಮಾಡಬೇಕು? ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗೋಸ್ಕರ ಇದರ ಹಿಂದಿ ರೂಪ ಮಾಡಿದವರು ಅದನ್ನು ಯೋಚಿಸಿದ್ದರು. ಓದುವುದರ ಬದಲು 'ನನ್ನ ಮುಖ ನೋಡಿ, ನಾನು ಮಾಡಿದ ಹಾಗೇ ಮಾಡಿ'. ಬರೆಯುವುದರ ಬದಲು 'ನಿಮ್ಮ ಮನೆ ಬಗ್ಗೆ ಒಂದು ಮಾತು ಹೇಳಿ'. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಕನ್ನಡ ಸೇರಿ ಐದು ಭಾಷೆಗಳಲ್ಲಿ ಪರೀಕ್ಷೆಗಳನ್ನು ಮಾಡಿಸಿದೆ. ನಿಮ್ಮ ಡೇಟಾದಲ್ಲಿ ಯಾವ ರೂಪ ಬಳಸಿದ್ದಾರೆ ಅಂತ ಮೊದಲು ಕೇಳಿ. ಪರೀಕ್ಷೆ ಕನ್ನಡದಲ್ಲಿ ಆಯಿತೋ, ತಮಿಳಿನಲ್ಲೋ, ಉರ್ದುವಿನಲ್ಲೋ ಅದನ್ನೂ ಕೇಳಿ. ಒಂದೇ ಬೀದಿಯಲ್ಲಿ ಮೂರೂ ಮಾತಾಡುವ ಊರು ನಮ್ಮದು.

ಇನ್ನು 'ಸಿಗಲಿಲ್ಲ' ಅನ್ನುವ ಕಾಲಂ. ತೀರಿಕೊಂಡವರು, ಮಗಳ ಮನೆಗೆ ಹೋದವರು, ಮನೆ ಬದಲಾಯಿಸಿದವರು, ಎಲ್ಲರನ್ನೂ ಕೆಲವು ಕಡೆ ಒಂದೇ ಕೋಡಿಗೆ ಹಾಕುತ್ತಾರೆ. ಗೇಟಿನ ಹತ್ತಿರವೇ ಮಗ ಬಂದು 'ಅಮ್ಮ ಈಗ ಸರಿಯಾಗಿ ಮಾತಾಡಲ್ಲ, ಬೇಡ ಬಿಡಿ' ಅಂದಿರುತ್ತಾರೆ. ಅದು 'ನಿರಾಕರಿಸಿದರು' ಅಂತ ದಾಖಲಾಗುತ್ತದೆ. ನನಗೆ ಜಾಸ್ತಿ ಸಂಕಟ ಆಗುತ್ತಿದ್ದದ್ದು ಅಲ್ಲೇ. ಯಾರಿಗೋಸ್ಕರ ಹೋಗಿದ್ದೆವೋ ಅವರೇ ಲೆಕ್ಕದಿಂದ ಹೊರಗೆ ಉಳಿದರು.

ಇಂಥ ಡೇಟಾ ಮೇಲೆ ಕೆಲಸ ಮಾಡುವ ಸ್ಟ್ಯಾಟಿಸ್ಟಿಷಿಯನ್:

ಮೇಲಿನವರು ಹೇಳಿದ ಕಾಲಂನಿಂದಲೇ ಶುರು ಮಾಡಿ. ಒಂದು ಸಣ್ಣ ಲೆಕ್ಕ ನೋಡಿ. ಹತ್ತು ಜನ ಇದ್ದಾರೆ ಅಂದುಕೊಳ್ಳಿ. ಐದು ಜನರಿಗೆ 28, ಐದು ಜನರಿಗೆ 20. ಸರಾಸರಿ 24. ಮುಂದಿನ ಸುತ್ತಿಗೆ 20 ತೆಗೆದವರಲ್ಲಿ ಇಬ್ಬರು ತೀರಿಕೊಂಡರು, ಉಳಿದ ಮೂವರು 19ಕ್ಕೆ ಇಳಿದರು. 28ರವರು ಹಾಗೇ ಇದ್ದಾರೆ. ಈಗ ಸರಾಸರಿ 24.6. ಒಬ್ಬರ ನೆನಪೂ ಸುಧಾರಿಸಿಲ್ಲ, ಆದರೂ ಸರಾಸರಿ ಏರಿತು. ಇದರ ಮೇಲೆ ಅಭ್ಯಾಸದ ಪರಿಣಾಮ ಬೇರೆ. ಅದೇ ಪರೀಕ್ಷೆ ಎರಡನೇ ಸಲ ಬಂದಾಗ ಭಯ ಕಡಿಮೆ, ಪ್ರಶ್ನೆಯ ಪರಿಚಯ ಇರುತ್ತದೆ. ಹಾಗಾಗಿ ಮೊದಲ ಭೇಟಿಗೆ ಮಾಡೆಲ್‌ನಲ್ಲಿ ಪ್ರತ್ಯೇಕ ಅಂಶ (ಟರ್ಮ್) ಸೇರಿಸುವುದು ವಾಡಿಕೆ.

ಸುತ್ತುಗಳ ಸರಾಸರಿ ಹೋಲಿಸಿ ಟಿ-ಟೆಸ್ಟ್ ಮಾಡಲು ಹೋಗಬೇಡಿ. ಒಬ್ಬೊಬ್ಬರಿಗೂ ಅವರದೇ ಆರಂಭ, ಅವರದೇ ಇಳಿಜಾರು ಕೊಡುವ ಮಿಕ್ಸ್ಡ್ ಎಫೆಕ್ಟ್ಸ್ ಮಾಡೆಲ್ ಹಾಕಿ. ಒಂದೇ ಸಲ ಬಂದವರನ್ನೂ ಅದರಿಂದ ಕೈಬಿಡಬೇಡಿ. ಬಿಟ್ಟುಹೋಗುವುದು ಹಿಂದಿನ ಸ್ಕೋರಿನಿಂದ ತಿಳಿಯುವಂತಿದ್ದರೆ ಈ ಮಾಡೆಲ್ ತಕ್ಕಮಟ್ಟಿಗೆ ನಿಭಾಯಿಸುತ್ತದೆ. ನಾವು ಕಾಣದ ಕುಸಿತದಿಂದಲೇ ಬಿಟ್ಟುಹೋಗಿದ್ದರೆ ಅದು ಸಾಲದು. ಆಗ ಸ್ಕೋರ್ ಮತ್ತು ಸಾವು ಎರಡನ್ನೂ ಒಟ್ಟಿಗೆ ಹಿಡಿಯುವ ಜಾಯಿಂಟ್ ಮಾಡೆಲ್ ಬೇಕು. ಒಂದು ಊಹೆಯ ಮೇಲೆ ನಿಲ್ಲದೆ ಎರಡು ಮೂರು ಊಹೆ ಬದಲಿಸಿ, ಉತ್ತರ ಎಷ್ಟು ಅಲುಗಾಡುತ್ತದೆ ಅಂತ ತೋರಿಸಿ. ಇದು ಪ್ರಾಜೆಕ್ಟಿನ ಮುಖ್ಯ ಅಧ್ಯಾಯವೇ ಆಗಬಹುದು.

ಸಾವಿನ ಬಗ್ಗೆ ಇನ್ನೂ ಒಂದು ಮಾತು. ಎರಡನೇ ಸುತ್ತಿನಲ್ಲಿ ಚೆನ್ನಾಗಿದ್ದವರು ಮೂರನೆಯದಕ್ಕೆ ಮೊದಲೇ ತೀರಿಕೊಂಡರೆ, ನಡುವೆ ಅವರಿಗೆ ಡಿಮೆನ್ಷಿಯಾ ಬಂದಿತ್ತೋ ಇಲ್ಲವೋ ನಮಗೆ ಕಾಣುವುದಿಲ್ಲ. 'ಬರಲಿಲ್ಲ' ಅಂತ ಹಾಕಿದರೆ ಕಾಯಿಲೆ ಬರುವ ದರ ಕಡಿಮೆ ಕಾಣುತ್ತದೆ. ಇಲ್‌ನೆಸ್-ಡೆತ್ ಮಾಡೆಲ್ ಎರಡೂ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇನ್ನೊಂದು ಕಡೆ, ತೀರಿಕೊಂಡವರನ್ನು ಮಾಮೂಲಿ ಸೆನ್ಸಾರಿಂಗ್ (ಅಲ್ಲಿಂದ ಮುಂದೆ ಏನಾಯಿತೋ ಗೊತ್ತಿಲ್ಲ) ಅಂತ ಹಾಕಿ, ಎಷ್ಟು ಜನ ಕಾಯಿಲೆ ಬಾರದೆ ಉಳಿದರು ಅಂತ ತೋರಿಸುವ ಕಪ್ಲಾನ್-ಮೇಯರ್ ಗೆರೆ ಎಳೆದರೆ, ಜೀವಮಾನದ ಅಪಾಯ ಜಾಸ್ತಿ ಕಾಣುತ್ತದೆ. ಸತ್ತವರಿಗೆ ಮುಂದೆ ಕಾಯಿಲೆ ಬರಬಹುದಿತ್ತು ಅಂತ ಅದು ಎಣಿಸುತ್ತಲೇ ಇರುತ್ತದೆ. ಸಮಯದ ಅಳತೆಗೆ ವಯಸ್ಸನ್ನೇ ತೆಗೆದುಕೊಳ್ಳಿ. 72ನೇ ವಯಸ್ಸಿನಲ್ಲಿ ಸೇರಿದವರನ್ನು 72ರಿಂದಲೇ ಎಣಿಸಿ.

ಓದದ ಹೆಂಗಸರ ವಿಷಯಕ್ಕೆ: ಒಂದೇ ಕಟ್-ಆಫ್ (ಇದಕ್ಕಿಂತ ಕಡಿಮೆ ಬಂದರೆ ಕಾಯಿಲೆ ಇರಬಹುದು ಅನ್ನುವ ಅಂಕ) ಎಲ್ಲರಿಗೂ ಹಾಕಬೇಡಿ. ಒಟ್ಟು ಅಂಕದ ಬದಲು ಒಂದೊಂದು ಪ್ರಶ್ನೆಯ ಉತ್ತರವನ್ನೂ ನೋಡುವ ಐಟಂ ರೆಸ್ಪಾನ್ಸ್ ಥಿಯರಿ ಕಲಿತು, ಒಂದೊಂದು ಪ್ರಶ್ನೆಯನ್ನೂ ಪರೀಕ್ಷಿಸಿ. ನೆನಪಿನ ಶಕ್ತಿ ಸಮ ಇರುವ ಇಬ್ಬರಲ್ಲಿ ಓದದವರೇ ಒಂದು ಪ್ರಶ್ನೆಯಲ್ಲಿ ಜಾಸ್ತಿ ಸೋಲುತ್ತಿದ್ದರೆ, ಆ ಪ್ರಶ್ನೆ ಶಾಲೆಯನ್ನು ಅಳೆಯುತ್ತಿದೆ. ಹಾಗಂತ ಎಲ್ಲ ವ್ಯತ್ಯಾಸವೂ ಪರೀಕ್ಷೆಯ ತಪ್ಪು ಅಂತ ತೀರ್ಮಾನಿಸಬೇಡಿ. ಓದು ಸಿಗದವರಲ್ಲಿ ಕಾಯಿಲೆಯೂ ಜಾಸ್ತಿ ಇರುತ್ತದೆ. ವಯಸ್ಸಾಗುವುದರ ಬಗ್ಗೆ ದೇಶದ ದೊಡ್ಡ ಸಮೀಕ್ಷೆ ಲಾಸಿ (LASI). ಅದರ ಡಿಮೆನ್ಷಿಯಾ ಭಾಗವಾದ ಲಾಸಿ-ಡ್ಯಾಡ್‌ನಲ್ಲಿ 60 ದಾಟಿದ ಸುಮಾರು 4,100 ಜನರನ್ನು ಪರೀಕ್ಷಿಸಿ, 7.4% ಜನರಿಗೆ ಡಿಮೆನ್ಷಿಯಾ ಅಂತ ಅಂದಾಜು ಮಾಡಿದರು. ಅಂದರೆ ಇಡೀ ದೇಶದಲ್ಲಿ ಸುಮಾರು 88 ಲಕ್ಷ ಜನ. ಅಲ್ಲಿಯೂ ವೈದ್ಯರ ತಂಡ ಒಂದು ಭಾಗದವರನ್ನು ಮಾತ್ರ ಒಬ್ಬೊಬ್ಬರಾಗಿ ನೋಡಿತು, ಉಳಿದವರಿಗೆ ಮಾಡೆಲ್‌ನಿಂದ ಅಂದಾಜು ಕಟ್ಟಿದರು.

ಕೈ ಪಳಗಿಸಲು ಆರ್ (R) ಅನ್ನುವ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್‌ನಲ್ಲಿ ಎಲ್‌ಸಿಎಂಎಂ (lcmm) ಪ್ಯಾಕೇಜ್ ಹಾಕಿಕೊಳ್ಳಿ. ಅದರಲ್ಲಿ ಫ್ರಾನ್ಸಿನ ಹಿರಿಯರ ಮೇಲಿನ ಪಾಕಿಡ್ ಅಧ್ಯಯನದ 500 ಜನರ ಡೇಟಾ ಇದೆ. ಎಂಎಂಎಸ್ಇ, ವಯಸ್ಸು, ಓದು, ಡಿಮೆನ್ಷಿಯಾ ಬಂದ ವಯಸ್ಸು, ಎಲ್ಲ ಇದೆ. 30ಕ್ಕೆ 29, 30 ತೆಗೆಯುವವರೇ ತುಂಬಿರುವಾಗ ಸಾಮಾನ್ಯ ಮಾಡೆಲ್ ಹೇಗೆ ತಪ್ಪುತ್ತದೆ ಅಂತ ಅಲ್ಲೇ ಕಾಣಬಹುದು.

ಬಸವನಗುಡಿಯಿಂದ, ತಾಯಿಯನ್ನು ನೋಡಿಕೊಳ್ಳುತ್ತಿರುವ ಮಗಳು:

ನಾನು ಸ್ಟ್ಯಾಟಿಸ್ಟಿಕ್ಸ್ ಓದಿಲ್ಲ, ಆದರೂ ಹೇಳಬೇಕು ಅನ್ನಿಸಿತು. 'ಅರವತ್ತಕ್ಕೆ ಅರಳು ಮರಳು' ಅಂತ ನಮ್ಮಲ್ಲಿ ಎಲ್ಲರೂ ಹೇಳಿಬಿಡುತ್ತಾರೆ. ಅಮ್ಮ ಅಡುಗೆ ಬಿಟ್ಟು ವರ್ಷಗಳಾಗಿತ್ತು, ಬ್ಯಾಂಕಿಗೆ ಅಣ್ಣ ಹೋಗುತ್ತಿದ್ದ. ಮಾಡುವ ಕೆಲಸವೇ ಇಲ್ಲದಿದ್ದಾಗ ತಪ್ಪುವುದು ಹೇಗೆ ಕಾಣಬೇಕು? ಹದಿನೈದು ಚುಕ್ಕಿ ರಂಗೋಲಿ ಕಣ್ಣು ಮುಚ್ಚಿ ಇಡುತ್ತಿದ್ದವರು ಒಂದು ಬೆಳಗ್ಗೆ ಚುಕ್ಕಿ ಇಟ್ಟು ಗೆರೆ ಎಳೆಯದೆ ಕೂತಿದ್ದರು. ಅವತ್ತೇ ನಮಗೆ ಗೊತ್ತಾಗಿದ್ದು. ಡಾಕ್ಟರು 'ಹತ್ತು ವರ್ಷದ ಹಿಂದೆ ಹೇಗಿದ್ದರು, ಈಗ ಹೇಗೆ' ಅಂತ ಕೇಳಿದಾಗ ಅಣ್ಣ 'ಚೆನ್ನಾಗೇ ಇದ್ದಾರೆ' ಅಂದ. ದಿನವಿಡೀ ಜೊತೆಗಿರುವ ಅತ್ತಿಗೆ ಹೇಳಿದ್ದೇ ಬೇರೆ. ನಿಮ್ಮ ಡೇಟಾದಲ್ಲಿ ಮನೆಯವರ ಉತ್ತರ ಇದ್ದರೆ, ಉತ್ತರ ಕೊಟ್ಟವರು ಯಾರು ಅನ್ನುವುದನ್ನೂ ದಯವಿಟ್ಟು ಸೇರಿಸಿಕೊಳ್ಳಿ.

ಇನ್ನೊಬ್ಬರು, ಚಿಕ್ಕದಾಗಿ:

ಎರಡು ಭಾಷೆ ಬಂದರೆ ಡಿಮೆನ್ಷಿಯಾ ತಡ ಅಂತ ಹೇಳುತ್ತಾರಲ್ಲ, ಅದು ಹೈದರಾಬಾದಿನ ಒಂದು ಆಸ್ಪತ್ರೆಯ 648 ರೋಗಿಗಳ ಮೇಲೆ 2013ರಲ್ಲಿ ಬಂದ ಅಧ್ಯಯನ. ಕಾಯಿಲೆ ಶುರುವಾದ ವಯಸ್ಸಿನಲ್ಲಿ ನಾಲ್ಕೂವರೆ ವರ್ಷದ ವ್ಯತ್ಯಾಸ ಕಂಡಿತ್ತು. ಅಲ್ಲಿದ್ದವರೆಲ್ಲ ಕಾಯಿಲೆ ಬಂದು ಆಸ್ಪತ್ರೆಗೆ ತಲುಪಿದವರು. ನ್ಯೂಯಾರ್ಕಿನಲ್ಲಿ ಸಮುದಾಯದ ಹಿರಿಯರನ್ನು ವರ್ಷಗಟ್ಟಲೆ ಅನುಸರಿಸಿ 2014ರಲ್ಲಿ ಬರೆದ ಅಧ್ಯಯನದಲ್ಲಿ ಅಂಥ ಲಾಭ ಕಾಣಲಿಲ್ಲ. ನಿಮ್ಮ ಡೇಟಾದಲ್ಲಿ ಭಾಷೆಯ ಕಾಲಂ ಇದ್ದರೆ ಆಸೆ ಆಗುತ್ತದೆ, ನನಗೂ ಆಗಿತ್ತು. ಯಾರು ಆ ಪಟ್ಟಿಗೆ ಬಂದರು ಅಂತ ಮೊದಲು ನೋಡಿ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು, ಮೂರೂ ಸುತ್ತಿಗೆ ಬಂದವರನ್ನು ಒಂದು ಕಡೆ, ಬಿಟ್ಟುಹೋದವರನ್ನು ಇನ್ನೊಂದು ಕಡೆ ಇಟ್ಟು ಮೊದಲ ಸುತ್ತಿನ ಸ್ಕೋರ್ ನೋಡಿದೆ. ಬಿಟ್ಟುಹೋದವರದು ಆಗಲೇ ಕಡಿಮೆ ಇತ್ತು. ಹಳೆಯ ಕಾಗದದ ಫಾರಂಗಳು ಇನ್ನೂ ಕಪಾಟಿನಲ್ಲಿವೆಯಂತೆ. 'ಸಿಗಲಿಲ್ಲ' ಅಂತ ಇರುವ ಒಂದೊಂದರ ಹಿಂದೆ ಏನು ಬರೆದಿದ್ದಾರೆ ಅಂತ ಸೋಮವಾರದಿಂದ ಓದಲು ಶುರು ಮಾಡುತ್ತೇನೆ.