ಡೆಂಗ್ಯೂ ಇಟ್ಟುಕೊಂಡು ಆಫೀಸಿಗೆ ಬಂದಿರೋ ಹುಡುಗನನ್ನು ಮನೆಗೆ ಕಳಿಸೋದು ಹೇಗೆ?

ಪೀಣ್ಯದ ಲೆಕ್ಕಿಗ:

ಪೀಣ್ಯದಲ್ಲಿ ಬೇರಿಂಗು, ಬೆಲ್ಟು ಮಾರುವ ಒಂದು ಪಾರ್ಟ್‌ನರ್‌ಶಿಪ್ ಫರ್ಮ್‌ನಲ್ಲಿ ಒಂಬತ್ತು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಕ್ಯಾಲೆಂಡರ್‌ನಲ್ಲಿ ನಮ್ಮ ಕಣ್ಣಿಗೆ ಬೀಳುವುದು ಮೂರೇ ತಾರೀಖು. 7ಕ್ಕೆ ಟಿಡಿಎಸ್, ಅಂದರೆ ಮುರಿದುಕೊಂಡ ತೆರಿಗೆ ಕಟ್ಟೋದು. 11ಕ್ಕೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ಜಿಎಸ್‌ಟಿ ರಿಟರ್ನ್. 20ಕ್ಕೆ 3ಬಿ, ಅಂದರೆ ಜಿಎಸ್‌ಟಿ ಕಟ್ಟುವ ರಿಟರ್ನ್. ಹಬ್ಬ, ಮದುವೆ, ಜ್ವರ ಎಲ್ಲಾ ಇವುಗಳ ಸಂದಿಯಲ್ಲೇ ಬಂದು ಹೋಗಬೇಕು.

ನನ್ನ ಕೈಕೆಳಗೆ ಪಾವಗಡದ ಒಬ್ಬ ಹುಡುಗ ಇದ್ದಾನೆ. ಬಿ.ಕಾಂ ಮುಗಿಸಿ ಬಂದು ಒಂದೂವರೆ ವರ್ಷ ಆಯ್ತು. ಶುಕ್ರವಾರದಿಂದ ಜ್ವರ, ರಕ್ತ ಪರೀಕ್ಷೆಯಲ್ಲಿ ಡೆಂಗ್ಯೂ ಅಂತ ಬಂದಿದೆ. ಇವತ್ತು ಮಂಗಳವಾರ, 9ನೇ ತಾರೀಖು. ಬೆಳಗ್ಗೆ ಬಂದು ನೋಡಿದರೆ ಸ್ವೆಟರ್ ಹಾಕಿಕೊಂಡು ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಮುಂದೆ ಕೂತಿದ್ದಾನೆ. ಪಕ್ಕದಲ್ಲಿ ಬಾಟಲಿಯಲ್ಲಿ ಎಳನೀರು. ಮುಂಗೈ ಮೇಲೆ ಡ್ರಿಪ್ ಹಾಕಿದ್ದ ಜಾಗದಲ್ಲಿ ಹತ್ತಿ, ಟೇಪು. "ಜ್ವರ ಬಿಟ್ಟಿದೆ ಸರ್, ನಾಡಿದ್ದು 11 ಅಲ್ವಾ" ಅಂದ. ಒಂದೇ ಇನ್‌ವಾಯ್ಸನ್ನು ಎರಡೆರಡು ಸಲ ಹೊಡೆದಿದ್ದಾನೆ. ಓನರ್ ಹಾದುಹೋಗುವಾಗ ಅವನ ಬೆನ್ನು ತಟ್ಟಿ, "ನೋಡಿ, ನಿಮ್ಮ ಶಿಷ್ಯ" ಅಂತ ನನ್ನ ಕಡೆ ನಕ್ಕರು.

ಆ ನಗು ಯಾಕೆ ಅಂತ ಹೇಳಲೇಬೇಕು. ಎರಡು ವರ್ಷದ ಹಿಂದೆ ಟೈಫಾಯ್ಡ್ ಇಟ್ಟುಕೊಂಡು ಬಂದು 3ಬಿ ಫೈಲ್ ಮಾಡಿದವನು ನಾನೇ. ಆ ಸಲ ಆಯುಧ ಪೂಜೆಯಲ್ಲಿ ಬೂದುಗುಂಬಳ ಒಡೆದಾದ ಮೇಲೆ ಎಲ್ಲರ ಮುಂದೆ ನನ್ನನ್ನು ಕರೆದು ಮೈಸೂರು ಪೇಟ ತೊಡಿಸಿದರು. ಶಾಲು, ಹಣ್ಣಿನ ಬುಟ್ಟಿ ಬೇರೆ. ಸುಳ್ಳು ಯಾಕೆ ಹೇಳಲಿ, ಎದೆ ಉಬ್ಬಿತ್ತು. ಮನೆಯಲ್ಲಿ ಹೆಂಡತಿ ಫೋಟೋ ನೋಡಿ ಒಂದು ಮಾತೂ ಆಡಲಿಲ್ಲ. ಶಾಲು ಈಗ ಇಸ್ತ್ರಿ ಮಾಡುವ ಮೇಜಿನ ಮೇಲಿದೆ. ಫೋಟೋ ಮಾತ್ರ ಆಫೀಸಿನ ಗೋಡೆ ಮೇಲೆ, ಸರಿಯಾಗಿ ಆ ಹುಡುಗನ ಎದುರಿಗೇ.

ಮನೆಗೆ ಹೋಗಪ್ಪಾ ಅಂದರೆ, "ನೀವು ಬಂದಿದ್ರಲ್ಲಾ ಸರ್" ಅನ್ನುತ್ತಾನೆ. ಏನು ಹೇಳಲಿ?

ತುಮಕೂರು ಲ್ಯಾಬ್:

ಸರ್, ಮೊದಲು ಅವನನ್ನು ಎಬ್ಬಿಸಿ ಆಸ್ಪತ್ರೆಗೆ ಕಳಿಸಿ. ಮಿಕ್ಕಿದ್ದು ಆಮೇಲೆ ಓದಿ.

ಬೇರೆ ಜ್ವರದ ಹಾಗಲ್ಲ ಇದು. ಡೆಂಗ್ಯೂನಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು, ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ. ಕೆಲವರಿಗೆ ಆಗ ರಕ್ತನಾಳದಿಂದ ನೀರಿನಂಶ ಸೋರಿ ಬಿಪಿ ಬೀಳುತ್ತೆ. ನಿಮ್ಮ ಹುಡುಗ ಇವತ್ತು 5ನೇ ದಿನದಲ್ಲಿದ್ದಾನೆ. ಹೊಟ್ಟೆನೋವು ಜಾಸ್ತಿ ಇದ್ದರೆ, ಮತ್ತೆ ಮತ್ತೆ ವಾಂತಿ ಆದರೆ, ಒಸಡಲ್ಲಿ ರಕ್ತ ಕಂಡರೆ ಒಂದು ನಿಮಿಷವೂ ಕಾಯಬೇಡಿ. ಮೈಕೈ ನೋವಿಗೆ ಅಂತ ಐಬುಪ್ರೊಫೆನ್ ಅಥವಾ ಆಸ್ಪಿರಿನ್ ನುಂಗಿದ್ದಾನಾ ಕೇಳಿ, ಅವು ರಕ್ತಸ್ರಾವ ಜಾಸ್ತಿ ಮಾಡುತ್ತವೆ. ಪ್ಯಾರಸಿಟಮಾಲ್ ಒಂದೇ, ಅದೂ ಡಾಕ್ಟರ್ ಹೇಳಿದಷ್ಟು.

ನಮ್ಮ ಲ್ಯಾಬಿಗೆ ಪ್ಲೇಟ್‌ಲೆಟ್ ಎಣಿಸೋಕೆ ಬಂದವರೇ "ಬೇಗ ಚುಚ್ಚಿ ಮೇಡಂ, ಒಂಬತ್ತಕ್ಕೆ ಲಾಗಿನ್ ಆಗ್ಬೇಕು" ಅಂತಾರೆ!

ಹಳೇ ಕುಳ:

ನಾವೆಲ್ಲ ಹೀಗೇ ದುಡಿದು ಮೇಲೆ ಬಂದವರು. 2023ರಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ಅಂದಾಗಲೂ ಎಲ್ಲರೂ ಕೂಗಾಡಿದಿರಿ. ಈಗಿನವರಿಗೆ ನೆಗಡಿ ಬಂದರೂ ರಜೆ.

ಹುಬ್ಬಳ್ಳಿ ಟ್ಯಾಲಿ:

ಕುಳ ಅವರೇ, ಇದು ನೆಗಡಿ ಅಲ್ರಿ. ಮೇಲಿಂದು ಓದೀರೋ ಇಲ್ಲೋ?

ಲೆಕ್ಕಿಗರೇ, ನಾನೂ ನಿಮ್ಮ ಕಸುಬಿನವನೇ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಗಳಿಕೆ ರಜೆ ಬಿಟ್ಟು, ಕಾಯಿಲೆ ಅಂತ ವರ್ಷಕ್ಕೆ 12 ದಿನ ಸಂಬಳದ ರಜೆ ಇದೆ. ಸಂಬಳ 21,000ದ ಒಳಗಿದ್ದು ನೌಕರರ ವಿಮೆ ಇಎಸ್‌ಐ ಕಟ್ಟುತ್ತಿದ್ದರೆ ಅದರ ಕಾಯಿಲೆ ಭತ್ಯೆಯೂ ಉಂಟು, ಸಂಬಳದ ನೂರಕ್ಕೆ 70. ಇದನ್ನೆಲ್ಲ ಆ ಹುಡುಗನಿಗೆ ಯಾರೂ ಹೇಳಿರಲಿಕ್ಕಿಲ್ಲ.

ಇನ್ನು 11ನೇ ತಾರೀಖು. ತಡವಾದರೆ ಗಿರಾಕಿಗಳಿಗೆ ಸಿಗಬೇಕಾದ ತೆರಿಗೆ ಕ್ರೆಡಿಟ್ ಮುಂದಿನ ತಿಂಗಳಿಗೆ ಹೋಗುತ್ತೆ, ಫೋನ್ ಮೇಲೆ ಫೋನ್ ಬರುತ್ತೆ, ನಿಜ. ಬೈಸಿಕೊಳ್ಳೋಣ ಬಿಡಿ. 3ಬಿ ತಡವಾದರೂ ಲೇಟ್ ಫೀ ದಿನಕ್ಕೆ 50 ರೂಪಾಯಿ. ತೆರಿಗೆ ಬಾಕಿ ಇದ್ದರೆ ಬಡ್ಡಿ ಬೇರೆ, ಆದರೂ ಜೀವ ಕೊಡುವಷ್ಟಲ್ಲ.

ಒಂದು ಕೇಳ್ತೀನಿ, ಸಿಟ್ಟಾಗಬೇಡಿ. ಜಿಎಸ್‌ಟಿ ಪೋರ್ಟಲ್ ಪಾಸ್‌ವರ್ಡ್ ಯಾರ ಹತ್ತಿರ ಇದೆ? ಓಟಿಪಿ ಯಾರ ಫೋನಿಗೆ ಬರುತ್ತೆ? ನಾನು ಆರು ವರ್ಷ ಎರಡನ್ನೂ ನನ್ನ ಹತ್ತಿರಾನೇ ಇಟ್ಟುಕೊಂಡಿದ್ದೆ. ಅಪ್ಪ ತೀರಿಕೊಂಡ ದಿನ ಸ್ಮಶಾನದಲ್ಲಿ ನಿಂತು ಓನರಿಗೆ ಓಟಿಪಿ ಓದಿ ಹೇಳಿದೆ. ನಾನಿಲ್ಲದೆ ನಡೆಯಲ್ಲ ಅನ್ನೋ ಚಟ ಅದು, ಬೇರೇನಲ್ಲ.

ಆ ಫೋಟೋ ಇಳಿಸಿರಿ ಮೊದಲು.

ಪೀಣ್ಯದ ಲೆಕ್ಕಿಗ:

ಲ್ಯಾಬ್ ಮೇಡಂ ಬರೆದದ್ದನ್ನು ಓದಿದವನೇ ಆಟೋ ಕರೆಸಿದೆ. ಹುಡುಗ ಒಪ್ಪಲಿಲ್ಲ. ಹೊಟ್ಟೆನೋವು ಇದೆಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾತ್ರಿಯಿಂದ ಇದೆ ಸರ್" ಅಂದ. ನಾನೇ ಜೊತೆಗೆ ಹೋದೆ. ಪ್ಲೇಟ್‌ಲೆಟ್ 48,000 ಇತ್ತು, ಬಿಪಿ ಇಳಿದಿತ್ತು, ಅಡ್ಮಿಟ್ ಮಾಡಿಕೊಂಡರು. ಅವರಮ್ಮ ರಾತ್ರಿ ಬಸ್ಸಿಗೆ ಬಂದರು. ಇವತ್ತಿಗೆ ನಾಲ್ಕು ದಿನ, ಗಂಜಿ ಕುಡಿಯುತ್ತಿದ್ದಾನೆ.

ರಿಟರ್ನ್ 11ಕ್ಕೆ ಹೋಗಲಿಲ್ಲ, 12ಕ್ಕೆ ಹೋಯಿತು. ಇಬ್ಬರು ಗಿರಾಕಿಗಳು ಬೈದರು. ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಓನರ್ ಕೈಗೆ ಕೊಟ್ಟೆ, ಓಟಿಪಿ ಇನ್ನು ಮೇಲೆ ಅವರ ಫೋನಿಗೇ. ಚೀಟಿ ಹಿಡಿದುಕೊಂಡು ಅವರು ಕೂತ ರೀತಿ ನೋಡಬೇಕಿತ್ತು, ಹಸುಗೂಸನ್ನು ಕೈಗೆ ಕೊಟ್ಟ ಹಾಗೆ.

ಫೋಟೋ ಇಳಿಸುವಾಗ, "ಮತ್ತೆ ಈ ಸಲ ಪೇಟ ಯಾರಿಗ್ರೀ?" ಅಂತ ಕೇಳಿದರು.

ಪ್ರಿಂಟರ್‌ಗೆ ತೊಡಿಸಿ ಸರ್ ಅಂದೆ. ಹೇಗೂ ಆಯುಧ ಪೂಜೆ ತಾನೇ.